ಬಿಡು ಅಂತಲೂ ಹೇಳಬೇಡಿ, ಎರಡೂ ಮಾಡು ಅಂತಲೂ ಹೇಳಬೇಡಿ

ಕಳೆದ ವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಗ್ರೌಂಡ್‌ನಲ್ಲಿ ವಾರ್ಮ್ ಅಪ್ ಮಾಡ್ತಾ ಇದ್ದೆ. ಫಸ್ಟ್ ಇಯರ್ ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಲಾಂಗ್ ಜಂಪ್ ಮಾಡ್ತಾಳೆ, ಚೆನ್ನಾಗಿಯೇ ಮಾಡ್ತಾಳೆ. ಶೂ ಲೇಸ್ ಕಟ್ಟಿಕೊಳ್ಳುತ್ತಾ ತಲೆ ಎತ್ತದೆ ಕೇಳಿದಳು: "ಅಕ್ಕಾ, ಟೀಮ್ ಬಿಟ್ಬಿಡ್ಲಾ?"

ಫಸ್ಟ್ ಇಂಟರ್ನಲ್ಸ್‌ನಲ್ಲಿ ಮ್ಯಾಥ್ಸ್‌ಗೆ ತುಂಬಾ ಕಮ್ಮಿ ಬಂದಿದೆಯಂತೆ. ಮನೆಯಲ್ಲಿ ಗೊತ್ತಾಗಿದೆ. ಅಮ್ಮ ಫೋನಿನಲ್ಲಿ ಬೈಲಿಲ್ಲವಂತೆ, "ಓದೋಕೆ ಹೋಗಿದೀಯ ಅನ್ನೋದು ನೆನಪಿದ್ರೆ ಸಾಕು ಕಣೆ" ಅಂದು ಇಟ್ಟುಬಿಟ್ಟರಂತೆ. ಬೈದಿದ್ದರೇ ವಾಸಿ ಇತ್ತು ಅಂದಳು.

ಆವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಆಮೇಲೆ ಮಾತಾಡೋಣ, ಮೊದಲು ಎರಡು ರೌಂಡ್ ಓಡು" ಅಂತ ಜಾರಿಕೊಂಡೆ. ರೂಮಿಗೆ ಬಂದ ಮೇಲೆ ಕಸಿವಿಸಿ ಆಯ್ತು. ಯಾಕೆ ಅಂದ್ರೆ ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನ ನಾನು ನಾಲ್ಕೈದು ಜನರ ಹತ್ತಿರ ಕೇಳಿದ್ದೆ. ಒಬ್ಬರೂ ಕೆಲಸಕ್ಕೆ ಬರೋ ಉತ್ತರ ಕೊಟ್ಟಿರಲಿಲ್ಲ. ಹಾಗಾಗಿ ಈ ಲೇಖನ ಅವಳಿಗೆ, ಅವಳ ಥರ ಸ್ಪೈಕ್ಸ್ ಇರೋ ಬ್ಯಾಗಿನಲ್ಲೇ ಲ್ಯಾಬ್ ರೆಕಾರ್ಡ್ ತುರುಕಿಕೊಂಡು ಓಡಾಡೋ ಎಲ್ಲರಿಗೂ.

ಈ ಪ್ರಶ್ನೆಗೆ ಕ್ಯಾಂಪಸ್‌ನಲ್ಲಿ ಎರಡು ರೆಡಿಮೇಡ್ ಉತ್ತರ ಸಿಗುತ್ತವೆ. ಒಂದು ಮನೆಯವರದ್ದು, ನೆಂಟರದ್ದು: "ಬಿಡಮ್ಮ, ಆಟ ಏನು ಅನ್ನ ಹಾಕುತ್ತಾ?" ಇನ್ನೊಂದು ವೇದಿಕೆ ಮೇಲೆ ಮೈಕ್ ಹಿಡಿದವರದ್ದು: "ಓದು, ಆಟ ಎರಡನ್ನೂ ಬ್ಯಾಲೆನ್ಸ್ ಮಾಡಿ. ಮನಸ್ಸಿದ್ದರೆ ಮಾರ್ಗ." ಮೊದಲನೆಯದಕ್ಕೆ ನಮಗೆ ಸಿಟ್ಟು ಬರುತ್ತೆ, ಎರಡನೆಯದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಆದರೆ ನಾನು ನೋಡಿದ ಮಟ್ಟಿಗೆ ಜಾಸ್ತಿ ಜನರನ್ನ ಗ್ರೌಂಡ್‌ನಿಂದ ಆಚೆ ಕಳಿಸಿದ್ದು ಎರಡನೇ ಉತ್ತರವೇ. "ಬಿಡು" ಅಂದವರ ಜೊತೆ ಜಗಳ ಆಡಬಹುದು, ಹಟಕ್ಕೆ ಬಿದ್ದು ಓಡಬಹುದು. "ಎರಡೂ ಮಾಡು" ಅಂದವರ ಜೊತೆ ಏನಂತ ಜಗಳ ಆಡ್ತೀರಿ? ಅವರು ನಮ್ಮ ಪರವಾಗಿಯೇ ಮಾತಾಡಿದ್ದಾರೆ. ಹೇಗೆ ಮಾಡಬೇಕು ಅನ್ನೋದನ್ನ ಮಾತ್ರ ಹೇಳಿಲ್ಲ. ಆಮೇಲೆ ನಮ್ಮ ಕೈಲಿ ಆಗದೇ ಹೋದಾಗ ತಪ್ಪು ನಮ್ಮದೇ, ಮನಸ್ಸೇ ಇರಲಿಲ್ಲವೇನೋ ಅನಿಸಿಬಿಡುತ್ತೆ. ಹಾಗೆ ಅನಿಸಿದವರು ಯಾರಿಗೂ ಹೇಳದೆ ಗ್ರೌಂಡಿಗೆ ಬರೋದು ನಿಲ್ಲಿಸ್ತಾರೆ.

ಸ್ಪೋರ್ಟ್ಸ್ ಡೇ ಭಾಷಣ ಅಂದಮೇಲೆ ಅನಿಲ್ ಕುಂಬ್ಳೆ ಬಂದೇ ಬರ್ತಾರೆ. ಬರಲಿ, ನಮ್ಮ ಹೆಮ್ಮೆ ಅವರು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು, 619 ಟೆಸ್ಟ್ ವಿಕೆಟ್ ತೆಗೆದವರು. ಜೊತೆಗೆ ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ ಜಾವಗಲ್ ಶ್ರೀನಾಥ್ ಹೆಸರೂ ಬರುತ್ತೆ. "ಅವರ ಕೈಲಿ ಆಗಿದ್ದು ನಿಮ್ಮ ಕೈಲಿ ಯಾಕೆ ಆಗಲ್ಲ?" ಅಂತ ಕೇಳಿ ಭಾಷಣ ಮುಗಿಸ್ತಾರೆ. ಆದರೆ ಕುಂಬ್ಳೆ ಅವರ ದಾಖಲೆಯನ್ನ ಸ್ವಲ್ಪ ನಿಧಾನವಾಗಿ ನೋಡಿ. ಮೊದಲ ಟೆಸ್ಟ್ ಆಡಿದ್ದು 1990ರ ಆಗಸ್ಟ್‌ನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಎರಡನೇ ಟೆಸ್ಟ್ 1992ರಲ್ಲಿ. ನಡುವೆ ಎರಡು ವರ್ಷ ಟೆಸ್ಟ್ ತಂಡದಿಂದ ಹೊರಗೇ ಇದ್ದರು. ಅದು ಅವರು ಕೇಳಿ ಪಡೆದ ರಜೆಯಲ್ಲ, ಆಯ್ಕೆ ಆಗಿರಲಿಲ್ಲ ಅಷ್ಟೆ. ಆದರೆ ಡಿಗ್ರಿ ಮುಗಿದದ್ದು ಆ ಅವಧಿಯಲ್ಲೇ. ದೊಡ್ಡದಾಗಿ ವಿಕೆಟ್ ಬೀಳೋಕೆ ಶುರುವಾಗಿದ್ದು ಆಮೇಲೆ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿದೆ. ಅದನ್ನ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಇ.ಎ.ಎಸ್. ಪ್ರಸನ್ನ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು. ಆಮೇಲೆ ಹತ್ತಿರ ಹತ್ತಿರ ಐದು ವರ್ಷ ಅವರು ಟೆಸ್ಟ್ ಆಡಲೇ ಇಲ್ಲ. ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಬೇಕಿತ್ತು. ಮತ್ತೆ ಟೆಸ್ಟ್ ತಂಡಕ್ಕೆ ಬಂದದ್ದು 1967ರ ಜನವರಿಯಲ್ಲಿ. ಬಂದವರು ಸುಮ್ಮನೆ ಕೂರಲಿಲ್ಲ. ತಮ್ಮ 20ನೇ ಟೆಸ್ಟ್‌ನಲ್ಲೇ 100 ವಿಕೆಟ್ ಮುಟ್ಟಿದರು, ಒಟ್ಟು 49 ಟೆಸ್ಟ್‌ಗಳಲ್ಲಿ 189. ಭಾರತೀಯರಲ್ಲಿ ಅತಿ ಬೇಗ 100 ವಿಕೆಟ್ ಪಡೆದ ಆ ದಾಖಲೆ ದಶಕಗಳ ಕಾಲ ಅವರ ಹೆಸರಲ್ಲೇ ಇತ್ತು. 2013ರಲ್ಲಿ ತಮ್ಮ 18ನೇ ಟೆಸ್ಟ್‌ನಲ್ಲಿ ಅದನ್ನ ಮುರಿದದ್ದು ಆರ್. ಅಶ್ವಿನ್. ಅವರೂ ಐಟಿ ಎಂಜಿನಿಯರ್ ಅನ್ನೋದು ನಮಗೆಲ್ಲ ಗೊತ್ತಿರೋದೇ!

ನನ್ನದು ಟ್ರ್ಯಾಕ್, ಹಾಗಾಗಿ ಟ್ರ್ಯಾಕಿನದ್ದೂ ಒಂದು ಹೇಳ್ತೀನಿ. ಒಂದು ಮೈಲಿಯನ್ನ ನಾಲ್ಕು ನಿಮಿಷದ ಒಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಲಂಡನ್ನಿನಲ್ಲಿ ಮೆಡಿಕಲ್ ಓದುತ್ತಿದ್ದವರು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡ್. ಅದೇ ವರ್ಷದ ಕೊನೆಗೆ ಸ್ಪರ್ಧೆಗಳಿಗೆ ವಿದಾಯ ಹೇಳಿ ಡಾಕ್ಟರ್ ಕೆಲಸಕ್ಕೆ ಹೋದರು, ಮುಂದೆ ನರರೋಗ ತಜ್ಞರಾದರು.

ಇವರ್ಯಾರೂ ದಿನಾ ಅರ್ಧ ಓದು, ಅರ್ಧ ಆಟ ಅಂತ ತಕ್ಕಡಿ ಹಿಡಿದು ಜೀವನ ಪೂರ್ತಿ ತೂಗಿದವರಲ್ಲ. ಒಂದು ಸಲ ಒಂದು ಮುಂದೆ ಬಂತು, ಇನ್ನೊಂದು ಹಿಂದೆ ನಿಂತು ಕಾಯಿತು. ಆಮೇಲೆ ಅದರ ಸರದಿ ಬಂತು. ನನ್ನ ವಾದ ಇಷ್ಟೇ: ನಮಗೆ ಬೇಕಿರೋದು ಬ್ಯಾಲೆನ್ಸ್ ಅಲ್ಲ, ಸರದಿ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ಒಂದು ಬ್ಯಾಕ್‌ಲಾಗ್ ಕೊಟ್ಟು ಕಲಿತದ್ದು.

ನಾನು ಇಸಿ, ಈಗ ಆರನೇ ಸೆಮ್. ಊರು ಅರಸೀಕೆರೆ ಕಡೆ. ಹೈಸ್ಕೂಲಿನಿಂದಲೂ 800 ಮೀಟರ್ ಓಡ್ತೀನಿ. ಮೂರನೇ ಸೆಮ್‌ಗೆ ಬಂದಾಗ ನನ್ನ ತಲೆಯಲ್ಲಿ ಒಂದು ದೊಡ್ಡ ಪ್ಲಾನ್ ಇತ್ತು. ಇಂಟರ್ ಕಾಲೇಜಿಯೇಟ್‌ನಲ್ಲಿ ಮೆಡಲ್, ಜೊತೆಗೆ 9 ಪಾಯಿಂಟ್. ಟೈಮ್‌ಟೇಬಲ್ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. ಐದಕ್ಕೆ ಏಳೋದು, ಐದೂವರೆಯಿಂದ ಏಳೂಕಾಲು ಗ್ರೌಂಡ್, ಒಂಬತ್ತರಿಂದ ನಾಲ್ಕು ಕ್ಲಾಸು, ನಾಲ್ಕೂವರೆಯಿಂದ ಆರು ಮತ್ತೆ ಗ್ರೌಂಡ್, ಎಂಟೂವರೆಯಿಂದ ಒಂದು ಗಂಟೆವರೆಗೆ ಓದು. ನಿದ್ದೆಗೆ ಉಳಿದದ್ದು ನಾಲ್ಕು ಗಂಟೆ. ಒಂದು ತಿಂಗಳು ನನಗೆ ನಾನೇ ಹೀರೋಯಿನ್ ಅನಿಸಿಬಿಟ್ಟಿತ್ತು. ರೂಮ್‌ಮೇಟ್ ಆ ಟೈಮ್‌ಟೇಬಲ್ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದಳು.

ಎರಡನೇ ತಿಂಗಳು ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆ ಉದ್ದಕ್ಕೂ ನೋವು ಶುರುವಾಯಿತು. ಕ್ಲಾಸಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡೋದನ್ನ ಕಲಿತೆ. ಫೋರಿಯರ್ ಸೀರೀಸ್ ಪೂರ್ತಿ ನನ್ನ ನೋಟ್ಸಿನಲ್ಲಿದೆ, ನನ್ನ ಕೈಬರಹದಲ್ಲೇ ಇದೆ. ಬರೆದದ್ದು ಮಾತ್ರ ನೆನಪಿಲ್ಲ. ಮೀಟ್ ಬಂತು. ಅದೇ ದಿನ ಮ್ಯಾಥ್ಸ್ ಇಂಟರ್ನಲ್ಸ್. ರೀಟೆಸ್ಟ್ ಕೊಡ್ತಾರೋ ಇಲ್ಲವೋ ಅನ್ನೋದೇ ಖಚಿತವಿಲ್ಲದೆ ಬಸ್ ಹತ್ತಿದೆ.

800 ಮೀಟರ್ ಅಂದ್ರೆ ಎರಡು ಸುತ್ತು. ಮೊದಲ ಸುತ್ತು ಸ್ವಲ್ಪ ಬೇಗ, ಎರಡನೆಯದು ಸ್ವಲ್ಪ ನಿಧಾನ ಆಗೋದು ಸಹಜ. ವಿಶ್ವದಾಖಲೆ ಓಟವೂ ಹಾಗೇ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೇವಿಡ್ ರುಡಿಶಾ 1 ನಿಮಿಷ 40.91 ಸೆಕೆಂಡ್ ಓಡಿದಾಗ ಮೊದಲ ಸುತ್ತು 49 ಸೆಕೆಂಡಿನ ಆಸುಪಾಸು, ಎರಡನೆಯದು 51ರ ಮೇಲೆ. ಎರಡು ಸೆಕೆಂಡ್ ಚಿಲ್ಲರೆ ವ್ಯತ್ಯಾಸ. ನನ್ನದು ಮೊದಲ ಸುತ್ತು 70, ಎರಡನೆಯದು 83! ಕೊನೆಯ ನೂರೈವತ್ತು ಮೀಟರ್‌ನಲ್ಲಿ ಕಾಲುಗಳು ನನ್ನವಲ್ಲ ಅನಿಸಿಬಿಟ್ಟವು. ಮೂವರು ದಾಟಿ ಹೋದರು. ನಾಲ್ಕನೇ ಸ್ಥಾನ. ರಾತ್ರಿ ಬಸ್ಸಿನಲ್ಲಿ ವಾಪಸ್ ಬಂದು, ಎರಡು ದಿನ ಬಿಟ್ಟು ರೀಟೆಸ್ಟ್ ಬರೆದೆ. ಹೇಗೋ ಎಲಿಜಿಬಲ್ ಆದೆ. ಸೆಮ್ ಎಂಡ್‌ನಲ್ಲಿ ಅದೇ ಪೇಪರ್ ಹೋಯಿತು.

ಅಪ್ಪ ರಿಸಲ್ಟ್ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಓಡೋದು ಅಂದ್ರೆ ಪ್ರಾಣ ಅಂತ ಗೊತ್ತು ಮಗ. ಆದ್ರೆ ಈ ಸಲ ಕಾಯಿ ರೇಟು ಹೆಂಗಿದೆ ಅಂತ ನಿಂಗೂ ಗೊತ್ತಲ್ಲ" ಅಂದರು. ಅದಕ್ಕಿಂತ ಜಾಸ್ತಿ ಒಂದು ಮಾತು ಆಡಲಿಲ್ಲ. ಆವತ್ತೇ ಸ್ಪೈಕ್ಸ್ ಎತ್ತಿ ಸೂಟ್‌ಕೇಸಿನೊಳಗೆ ಇಟ್ಟೆ.

ನಾಲ್ಕನೇ ಸೆಮ್ ಪೂರ್ತಿ ಗ್ರೌಂಡ್ ಕಡೆ ತಲೆ ಹಾಕಲಿಲ್ಲ. ಈಗ ಕೇಳಿ, ಮುಖ್ಯವಾದ ವಿಷಯ ಇದು. ದಿನಕ್ಕೆ ಮೂರು ಗಂಟೆ ಉಳಿಯಿತಲ್ಲ, ಮಾರ್ಕ್ಸ್ ಎಷ್ಟು ಏರಿರಬೇಕು? ಎಸ್‌ಜಿಪಿಎ 7.1 ಇದ್ದದ್ದು 7.3 ಆಯ್ತು. ಆ ಮೂರು ಗಂಟೆ ಎಲ್ಲಿ ಹೋಯಿತು ಅಂತ ನಿಜ ಹೇಳಬೇಕು ಅಂದ್ರೆ, ಅರ್ಧ ಫೋನಿಗೆ, ಅರ್ಧ ಬೆಳಿಗ್ಗೆ ಹಾಸಿಗೆಯಲ್ಲಿ ಹೊರಳಾಡೋದಕ್ಕೆ. ಜೊತೆಗೆ ಸಣ್ಣ ಸಣ್ಣದಕ್ಕೂ ರೂಮ್‌ಮೇಟ್ ಮೇಲೆ ಹಾರಾಡೋಕೆ ಶುರು ಮಾಡಿದ್ದೆ. ಒಂದಿನ ಅವಳೇ ಸೂಟ್‌ಕೇಸಿಂದ ಸ್ಪೈಕ್ಸ್ ತೆಗೆದು ನನ್ನ ಮಂಚದ ಮೇಲೆ ಇಟ್ಟು, "ದಯವಿಟ್ಟು ಹೋಗಿ ಓಡಮ್ಮ ತಾಯಿ" ಅಂದಳು.

"ಎರಡೂ ಒಟ್ಟಿಗೆ ಮಾಡು" ಅನ್ನೋದೂ ಕೆಲಸ ಮಾಡಲಿಲ್ಲ, "ಬಿಡು" ಅನ್ನೋದೂ ಕೆಲಸ ಮಾಡಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ವಾರಕ್ಕೆ 168 ಗಂಟೆ. ಕ್ಲಾಸು, ಲ್ಯಾಬು 40. ದಿನಾ ಏಳೂವರೆ ಗಂಟೆ ನಿದ್ದೆ ಅಂದ್ರೆ 52. ಗ್ರೌಂಡ್ 12. ಊಟ, ಸ್ನಾನ, ಬಟ್ಟೆ ಒಗೆಯೋದು, ಓಡಾಟ 22. ಓದು 20. ಎಲ್ಲ ಸೇರಿ 146. ಇನ್ನೂ 22 ಗಂಟೆ ಉಳಿಯಿತು! ಅಂದ್ರೆ ಸಮಯ ಇದೆ. ಇಲ್ಲದೇ ಇರೋದು ಶಕ್ತಿ. 400 ಮೀಟರ್ ರಿಪೀಟ್ಸ್ ಆರು ಸಲ ಓಡಿದ ಸಂಜೆ ಪುಸ್ತಕದ ಮುಂದೆ ಎರಡು ಗಂಟೆ ಕೂತರೂ ಅದು ಎರಡು ಗಂಟೆ ಓದು ಆಗಲ್ಲ. ಟೈಮ್‌ಟೇಬಲ್‌ಗೆ ಇದು ಗೊತ್ತಾಗಲ್ಲ. ಅದರ ಕಣ್ಣಿಗೆ ಎಲ್ಲ ಗಂಟೆಗಳೂ ಒಂದೇ.

ಇಸಿಯವರಿಗೆ ಒಂದು ಮಾತಲ್ಲಿ ಹೇಳಿಬಿಡ್ತೀನಿ: ನಾನು ಎಫ್‌ಡಿಎಂ ಮಾಡ್ತಾ ಇದ್ದೆ, ಮಾಡಬೇಕಾಗಿದ್ದು ಟಿಡಿಎಂ. ಬೇರೆ ಬ್ರ್ಯಾಂಚಿನವರಿಗೆ: ಒಂದೇ ಚಾನೆಲ್‌ನಲ್ಲಿ ಎರಡು ಸಿಗ್ನಲ್ ಕಳಿಸಬೇಕು ಅಂದ್ರೆ ಎರಡು ದಾರಿ. ಬ್ಯಾಂಡ್‌ವಿಡ್ತ್ ಹೋಳು ಮಾಡಿ ಎರಡನ್ನೂ ಒಟ್ಟಿಗೆ ಕಳಿಸೋದು ಒಂದು. ಸ್ವಲ್ಪ ಹೊತ್ತು ಇದಕ್ಕೆ ಪೂರ್ತಿ ಚಾನೆಲ್, ಸ್ವಲ್ಪ ಹೊತ್ತು ಅದಕ್ಕೆ ಪೂರ್ತಿ ಚಾನೆಲ್ ಅಂತ ಸರದಿ ಹಾಕೋದು ಇನ್ನೊಂದು. ಸರದಿ ಹಾಕುವಾಗ ಎರಡು ಸ್ಲಾಟ್‌ಗಳ ಮಧ್ಯೆ ಚೂರು ಖಾಲಿ ಜಾಗ ಬಿಡ್ತಾರೆ, ಒಂದರ ಬಾಲ ಇನ್ನೊಂದರ ತಲೆಗೆ ತಾಗಬಾರದು ಅಂತ. ಗಾರ್ಡ್ ಟೈಮ್. ನನ್ನ ಹಳೆಯ ಟೈಮ್‌ಟೇಬಲ್‌ನಲ್ಲಿ ಇಲ್ಲದೇ ಇದ್ದದ್ದು ಅದೇ. ಅದಕ್ಕೆ ನಮ್ಮ ಮನೆಗಳಲ್ಲಿ ನಿದ್ದೆ ಅಂತಾರೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗೋದೂ ನಿದ್ದೆಯಲ್ಲೇ, ಓಡಿ ದಣಿದ ಸ್ನಾಯು ರಿಪೇರಿ ಆಗೋದೂ ನಿದ್ದೆಯಲ್ಲೇ. ನಾನು ಎರಡನ್ನೂ ಉಳಿಸ್ಕೊಳ್ಳೋಕೆ ಅಂತ ಎರಡಕ್ಕೂ ಬೇಕಾಗಿದ್ದನ್ನೇ ಕತ್ತರಿಸಿ ಹಾಕಿದ್ದೆ.

ಐದನೇ ಸೆಮ್‌ನಲ್ಲಿ ಗೋಡೆ ಮೇಲೆ ದಿನದ ಟೈಮ್‌ಟೇಬಲ್ ಹಾಕಲಿಲ್ಲ, ಇಡೀ ಸೆಮ್‌ನ ವಾರಗಳನ್ನ ಬರೆದು ಹಾಕಿದೆ. ಮೀಟ್‌ಗೆ ಮೊದಲಿನ ಆರು ವಾರ ಓಟದ್ದು. ಆ ಆರು ವಾರ ಓದಿನಲ್ಲಿ ನನ್ನ ಗುರಿ ಕ್ಲಾಸಿಗೆ ಹೋಗೋದು, ರೆಕಾರ್ಡ್ ಬಾಕಿ ಉಳಿಸಿಕೊಳ್ಳದೇ ಇರೋದು, ಇಂಟರ್ನಲ್ಸ್‌ನಲ್ಲಿ ಮುಳುಗದೇ ಇರೋದು, ಅಷ್ಟೇ. ಟಾಪ್ ಬರೋ ಆಸೆಯನ್ನ ಆ ಆರು ವಾರಕ್ಕೆ ಗೋಡೆಯ ಮೊಳೆಗೆ ನೇತು ಹಾಕಿದೆ. ಮೀಟ್ ಮುಗಿದ ಮೇಲೆ ಒಂದು ವಾರ ಏನೂ ಇಲ್ಲ. ಆಮೇಲೆ ಪೂರ್ತಿ ಓದಿನ ಸರದಿ. ಎಕ್ಸಾಮ್‌ಗೆ ಮುಂಚಿನ ನಾಲ್ಕು ವಾರ ವಾರಕ್ಕೆ ಮೂರೇ ದಿನ ಓಟ, ಅದೂ ಅರ್ಧ ಗಂಟೆ. ಭಯ ಇತ್ತು, ಫಿಟ್‌ನೆಸ್ ಎಲ್ಲ ಹೋಗುತ್ತೆ ಅಂತ. ನಮ್ಮ ಪಿಇಡಿ ಸರ್ ಹೇಳಿದ್ದು ಸರಿ ಇತ್ತು: "ಕಟ್ಟೋಕೆ ಬೇಕಾದಷ್ಟು ಕೆಲಸ ಉಳಿಸ್ಕೊಳ್ಳೋಕೆ ಬೇಡಮ್ಮ. ವಾರಕ್ಕೆ ಎರಡು ಸಲ ಸ್ವಲ್ಪ ಜೋರಾಗಿ ಓಡು, ಉಳಿದಿದ್ದು ಎಲ್ಲೂ ಹೋಗಲ್ಲ." ದಿನದೊಳಗೂ ಒಂದು ಸರದಿ ಇತ್ತು. ಹೆವಿ ಟ್ರೇನಿಂಗ್ ಇರೋ ದಿನ ಸಂಜೆ ರೆಕಾರ್ಡ್ ಬರೆಯೋದು, ಡ್ರಾಯಿಂಗ್, ಪ್ರಿಂಟ್‌ಔಟ್ ಕೆಲಸ. ರೆಸ್ಟ್ ಇರೋ ದಿನ ಮ್ಯಾಥ್ಸ್.

ಫಲಿತಾಂಶ ಸಿನಿಮಾ ಥರ ಏನಿಲ್ಲ. 2 ನಿಮಿಷ 28 ಸೆಕೆಂಡ್, ಮೂರನೇ ಸ್ಥಾನ. ಬ್ಯಾಕ್‌ಲಾಗ್ ಕ್ಲಿಯರ್. ಎಸ್‌ಜಿಪಿಎ 7.8. ಒಂಬತ್ತು ಪಾಯಿಂಟ್ ಬರಲಿಲ್ಲ, ಇನ್ನು ಸಿಜಿಪಿಎ ಒಂಬತ್ತು ಆಗೋದೂ ಇಲ್ಲ. ಕ್ಲಾಸಿನವರು ಹ್ಯಾಕಥಾನ್‌ಗೆ ಹೋದಾಗ ನಾನು ಮೀಟ್‌ನಲ್ಲಿದ್ದೆ. ಸರದಿ ಅಂದ್ರೆ ಬೆಲೆ ಕೊಡದೇ ಎಲ್ಲ ಸಿಗುತ್ತೆ ಅಂತ ಅಲ್ಲ. ಏನನ್ನ ಯಾವಾಗ ಬಿಡ್ತಾ ಇದೀನಿ ಅಂತ ಮೊದಲೇ ಗೊತ್ತಿರುತ್ತೆ, ಅಷ್ಟೇ. ಮೊದಲು ಗೊತ್ತಿಲ್ಲದೇ ಎರಡೂ ಕೈಬಿಟ್ಟು ಹೋಗ್ತಿತ್ತು.

"ಪ್ರಸನ್ನ, ಕುಂಬ್ಳೆ, ಬ್ಯಾನಿಸ್ಟರ್ ಎಲ್ಲ ಗೆದ್ದವರು. ಬಿಟ್ಟು ವಾಪಸ್ ಬರೋಕೆ ಆಗದೇ ಹೋದವರ ಲೆಕ್ಕ ಎಲ್ಲಿ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ, ಸರ್ವೈವರ್‌ಶಿಪ್ ಬಯಸ್ ಅಂತ ನಾವೇ ಓದಿದ್ದೀವಲ್ಲ. ಅದಕ್ಕೇ ನಾನು ಅವರಿಂದ "ಆಗುತ್ತೆ" ಅನ್ನೋ ಧೈರ್ಯ ತಗೋತಾ ಇಲ್ಲ, "ಒಟ್ಟಿಗೆ ಆಗಲ್ಲ" ಅನ್ನೋ ಎಚ್ಚರಿಕೆ ತಗೋತಾ ಇದೀನಿ. ಅಷ್ಟು ಪ್ರತಿಭೆ ಇದ್ದ ಪ್ರಸನ್ನ ಅವರೇ ಒಂದನ್ನ ಬದಿಗಿಡಬೇಕಾಯ್ತು ಅಂದ್ರೆ ನಾವು ಯಾವ ಲೆಕ್ಕ?

ಅಮೆರಿಕದ ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಕೂಡ ಇದನ್ನ ನಿಯಮದಲ್ಲೇ ಬರೆದಿಟ್ಟಿದೆ. ಅಲ್ಲಿ ಸ್ಟೇಡಿಯಂ ತುಂಬಾ ಜನ, ಕೋಟಿಗಟ್ಟಲೆ ದುಡ್ಡು. ಆದರೂ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕಡ್ಡಾಯ ತರಬೇತಿ ಇಡುವ ಹಾಗಿಲ್ಲ, ವಾರದಲ್ಲಿ ಒಂದು ದಿನ ರಜೆ ಕೊಡಬೇಕು. ಸೀಸನ್ ಇಲ್ಲದಾಗ ಮಿತಿ ಇನ್ನೂ ಕಮ್ಮಿ. ಆ ನಿಯಮವನ್ನ ಎಲ್ಲರೂ ಪಾಲಿಸ್ತಾರೆ ಅಂತ ನಾನು ಹೇಳ್ತಾ ಇಲ್ಲ. ಸೀಸನ್ ಬೇರೆ, ಆಫ್ ಸೀಸನ್ ಬೇರೆ ಅಂತ ಬರೆದಿಟ್ಟಿರೋದೇ ನನಗೆ ಮುಖ್ಯ.

ಹಾಗಾದರೆ ನಮ್ಮ ಕಾಲೇಜುಗಳಿಂದ ಏನು ಕೇಳಬೇಕು? ಗ್ರೇಸ್ ಮಾರ್ಕ್ಸ್ ಬೇಡ. ಪಾಪ, ಸ್ಪೋರ್ಟ್ಸ್ ಹುಡುಗರು ಅನ್ನೋ ಅನುಕಂಪವೂ ಬೇಡ. ಅಟೆಂಡೆನ್ಸ್ ಲೆಕ್ಕ ನೋಡಿ. ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. 40 ಕ್ಲಾಸಿನ ವಿಷಯದಲ್ಲಿ 34. ಅಂದ್ರೆ ತಪ್ಪಿಸಬಹುದಾದದ್ದು ಆರೇ ಆರು. ಓಡಾಟ ಸೇರಿ ಐದು ದಿನದ ಒಂದು ಮೀಟ್‌ಗೆ ಹೋಗಿ ಬಂದರೆ ಮೂರೋ ನಾಲ್ಕೋ ಮುಗಿದವು, ಒಂದು ಸಲ ಜ್ವರ ಬಂದರೆ ಉಳಿದದ್ದೂ ಮುಗಿಯಿತು. ಸರಿಯಾದ ಕಾರಣ ಇದ್ದವರಿಗೆ ಶೇ. 10ರ ವರೆಗೆ ವಿನಾಯಿತಿಗೂ ಅವಕಾಶ ಇದೆ. ಅಂದ್ರೆ ನಿಯಮದಲ್ಲಿ ಜಾಗ ಇದೆ. ಕಷ್ಟ ಇರೋದು ಆ ಕಾಗದ ಹಿಡಿದು ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಅಲೆಯೋದರಲ್ಲಿ, ಅದೂ ಸೆಮ್ ಮುಗಿಯೋ ಹೊತ್ತಿಗೆ, ಎಲ್ಲರೂ ಸಿಡಿಮಿಡಿ ಅನ್ನೋ ಟೈಮಿನಲ್ಲಿ.

ನಾನು ಕೇಳೋದು ಮೂರೇ. ಒಂದು, ಮೀಟ್‌ಗೆ ಹೋಗುವ ಮೊದಲೇ ಓಡಿ ಲೆಟರ್ ಸಹಿ ಆಗಲಿ, ಬಂದ ಮೇಲೆ ಭಿಕ್ಷೆ ಬೇಡೋ ಪರಿಸ್ಥಿತಿ ಬೇಡ. ಎರಡು, ಇಂಟರ್ನಲ್ಸ್ ದಿನವೇ ಮೀಟ್ ಬಿದ್ದರೆ ರೀಟೆಸ್ಟ್ ಯಾವತ್ತು ಅನ್ನೋದು ಬಸ್ ಹತ್ತುವ ಮೊದಲೇ ಗೊತ್ತಾಗಲಿ. ಪೇಪರ್ ಸುಲಭ ಮಾಡಬೇಡಿ, ಬೇಕಾದರೆ ಕಷ್ಟವೇ ಕೊಡಿ, ದಿನಾಂಕ ಮಾತ್ರ ಹೇಳಿ. ಮೂರು, ಲೇಡೀಸ್ ಹಾಸ್ಟೆಲ್ ಗೇಟ್ ಬೆಳಿಗ್ಗೆ ಐದೂವರೆಗೆ ತೆರೆಯಲಿ, ಗ್ರೌಂಡಿನ ಒಂದು ಮೂಲೆಗಾದರೂ ಲೈಟ್ ಇರಲಿ. ಹುಡುಗರು ಕತ್ತಲಲ್ಲಿ ರಿಂಗ್ ರೋಡ್‌ನಲ್ಲಿ ಓಡಿ ಬರ್ತಾರೆ. ನಾವು ಓಡೋಕೆ ಆಗಲ್ಲ. ನಾನು ಫಸ್ಟ್ ಇಯರ್‌ನಲ್ಲಿದ್ದಾಗ ನಮ್ಮ ಅಥ್ಲೆಟಿಕ್ಸ್ ಟೀಮ್‌ನಲ್ಲಿ ಹನ್ನೊಂದು ಹುಡುಗಿಯರಿದ್ದೆವು. ಅದೇ ಬ್ಯಾಚಿನಲ್ಲಿ ಈಗ ಉಳಿದಿರೋದು ಮೂವರು. ಬಿಟ್ಟು ಹೋದ ಎಂಟು ಜನರಲ್ಲಿ ಕಾಲು ನೋವಿಗೆ ಬಿಟ್ಟವಳು ಒಬ್ಬಳೇ.

ಇನ್ನು ನಮ್ಮ ಕಡೆಯ ಮಾತು. ಓಡಿ ತಗೊಂಡು ಕ್ಯಾಂಟೀನ್‌ನಲ್ಲಿ ಪಫ್ಸ್ ತಿಂದವರು ನಮ್ಮಲ್ಲೇ ಇದ್ದಾರೆ. ಒಂದು ಮ್ಯಾಚಿಗೆ ಮೂರು ದಿನ ಹಾಕಿಸಿಕೊಂಡವರು ಇದ್ದಾರೆ. ಅವರು ಮಾಡಿದ್ದಕ್ಕೆ ಮುಂದಿನ ವರ್ಷ ನಿಜವಾಗಿ ಆಡೋರಿಗೆ ಸಹಿ ಸಿಗಲ್ಲ. ಮೂರರಿಂದ ಆರನೇ ಸೆಮ್‌ವರೆಗೆ ನಮಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನ ಕಡ್ಡಾಯ ಮಾಡಿದ್ದಾರೆ. ಕ್ರೆಡಿಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅದನ್ನ ನಾವೇ ಸಹಿ ಹಾಕಿ ಬರೋ ಕ್ಲಾಸ್ ಮಾಡ್ಕೊಂಡಿದೀವಿ. ಕ್ರೀಡೆಗೆ ಬೆಲೆ ಇಲ್ಲ ಅಂತ ಬೇರೆಯವರನ್ನ ದೂರುವ ಮೊದಲು ಇದನ್ನೂ ನೋಡ್ಕೋಬೇಕಲ್ವಾ?

ಇನ್ನೊಂದು ವಿಷಯ. ನಿಮಗೆ ನಿಜವಾಗಿ ಏನು ಬೇಕು ಅಂತ ಕೇಳ್ಕೊಳ್ಳಿ. ಇಂಡಿಯಾ ಟೀಮ್ ಬೇಕು ಅನ್ನೋರ ಸರದಿ ಬೇರೆ ಥರ ಇರುತ್ತೆ, ಅವರಿಗೆ ಒಂದು ವರ್ಷ ಓದು ತಡವಾದರೂ ಅದು ಸೋಲಲ್ಲ. ನನಗೆ ಇಂಡಿಯಾ ಟೀಮ್ ಸಿಗಲ್ಲ, ನನ್ನ ಟೈಮಿಂಗ್ ನೋಡಿದವರಿಗೆ ಯಾರೂ ಹೇಳಬೇಕಾಗಿಲ್ಲ. ನನಗೆ ಕೆಲಸ ಬೇಕು. ಅಪ್ಪನ ತೋಟದ ಸಾಲ ತೀರಬೇಕು. ಜೊತೆಗೆ 2 ನಿಮಿಷ 25 ಸೆಕೆಂಡಿನ ಒಳಗೆ ಒಂದೇ ಒಂದು ಸಲ ಓಡಬೇಕು. ಅದರಿಂದ ಯಾರಿಗೂ ಏನೂ ಲಾಭ ಇಲ್ಲ, ರೆಸ್ಯೂಮಿನಲ್ಲಿ ಅದಕ್ಕೆ ಒಂದು ಸಾಲೂ ಸಿಗಲ್ಲ. ಆದರೂ ಬೇಕು. ಮುಂದಿನ ಸೆಮ್ ಪ್ಲೇಸ್‌ಮೆಂಟ್ ಶುರು, ಮೀಟ್ ಕೂಡ ಸುಮಾರು ಅದೇ ಸಮಯಕ್ಕೆ ಬೀಳುತ್ತೆ. ಈ ಸಲ ಯಾವುದು ಮೊದಲು ಅಂತ ಗೋಡೆ ಮೇಲೆ ಬರೆದಾಗಿದೆ: ಆಗಸ್ಟ್, ಸೆಪ್ಟೆಂಬರ್ ಆಪ್ಟಿಟ್ಯೂಡ್ ಮತ್ತು ಇಂಟರ್‌ವ್ಯೂ. ಆಫರ್ ಕೈಗೆ ಬಂದ ದಿನದಿಂದ ಓಟ. ಬರೋದು ತಡವಾದರೆ ಕೊನೇ ಮೀಟ್ ತಪ್ಪಿ ಹೋಗಬಹುದು. ಬರೆಯುವಾಗ ಕೈ ಸ್ವಲ್ಪ ನಡುಗಿತು, ಆದರೂ ಬರೆದೆ.

ನಿನ್ನೆ ಆ ಹುಡುಗಿ ಮತ್ತೆ ಸಿಕ್ಕಿದ್ದಳು, ಮೆಸ್ಸಿನಲ್ಲಿ. ತಟ್ಟೆ ಹಿಡಿದು ಎದುರಿಗೆ ಕೂತಳು, ಕೇಳಲಿಲ್ಲ. ನಾನೇ ಹೇಳಿದೆ.

"ಬಿಡಬೇಡ. ಆದರೆ ಸೆಕೆಂಡ್ ಇಂಟರ್ನಲ್ಸ್ ಮುಗಿಯೋವರೆಗೂ ಬರಬೇಡ. ಎರಡು ವಾರ. ಸರ್‌ಗೆ ನೀನೇ ಹೋಗಿ ಹೇಳು, ಯಾವ ತಾರೀಕಿಗೆ ವಾಪಸ್ ಬರ್ತೀಯ ಅಂತನೂ ಹೇಳು."

"ಬೈತಾರಾ ಅಕ್ಕಾ?"

"ಹೇಳದೇ ತಪ್ಪಿಸಿಕೊಂಡರೆ ಬೈತಾರೆ."

ಅವಳು ಫೋನ್ ತೆಗೆದು ಕ್ಯಾಲೆಂಡರ್ ನೋಡಿದಳು. "ಹದಿನೇಳಕ್ಕೆ ಲಾಸ್ಟ್ ಪೇಪರ್. ಹದಿನೆಂಟು ಭಾನುವಾರ. ಹತ್ತೊಂಬತ್ತಕ್ಕೆ ಬರ್ಲಾ?"

"ಬಾ. ಐದೂ ಮುಕ್ಕಾಲಿಗೆ."